ಸ್ಟೆಂಟ್ ಬೇಡ ಅಂತ ಟೇಬಲ್ಲಿಂದ ಇಳಿದು ಬಂದೆ

ಕದ್ರಿ ದೇವಸ್ಥಾನದಿಂದ ಮೇಲೆ ಜೋಗಿಮಠಕ್ಕೆ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದ ಹಾಗೆ ಆಗುತ್ತಿತ್ತು, ನಿಂತರೆ ಐದು ನಿಮಿಷದಲ್ಲಿ ಸರಿ. ಗ್ಯಾಸ್ ಅಂದುಕೊಂಡು ಎರಡು ತಿಂಗಳು ಸುಮ್ನೆ ಜೀರಿಗೆ ಕಷಾಯ ಕುಡಿದೆ. ವಯಸ್ಸು 58, ಶುಗರ್ ಶುರುವಾಗಿ 14 ವರ್ಷ. ಇಸಿಜಿ ಸರಿ ಇತ್ತು, ಟ್ರೆಡ್‌ಮಿಲ್ ಟೆಸ್ಟ್‌ನಲ್ಲಿ ಸಿಕ್ಕಿಬಿತ್ತು.

ಆಂಜಿಯೋಗ್ರಾಂನಲ್ಲಿ ಹೃದಯದ ಮೂರೂ ರಕ್ತನಾಳದಲ್ಲಿ ಬ್ಲಾಕ್. ನಾನಿನ್ನೂ ಟೇಬಲ್ ಮೇಲೆ ಮಲಗಿದ್ದೆ, ಹೊರಗೆ ಹೆಂಡತಿಯ ಮುಂದೆ ಸ್ಟೆಂಟ್‌ಗೆ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಸಹಿ ಹಾಕಿ ಅಂತ ಪೇಪರ್ ಹಿಡಿದಿದ್ದರು. ಅವಳು "ಅವರನ್ನೇ ಕೇಳಿ" ಅಂದಳಂತೆ. ನಾನು, "ಹಾರ್ಟ್ ಅಟ್ಯಾಕ್ ಆಗಿಲ್ಲ ಅಲ್ವಾ ಡಾಕ್ಟ್ರೇ, ಇವತ್ತು ಬೇಡ, ಸಿಡಿ ಕೊಡಿ" ಅಂದೆ. ಅಟ್ಯಾಕೇ ಆಗಿದ್ದರೆ ಹೀಗೆ ಹೇಳಬಾರದು, ಆಗ ಮುಚ್ಚಿದ ನಾಳವನ್ನು ತಕ್ಷಣ ತೆರೆಯಬೇಕು.

ಸಿಡಿ ಹಿಡಿದು ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿ ಹೃದಯದ ಡಾಕ್ಟ್ರು, ಸರ್ಜನ್ ಇಬ್ಬರೂ ಒಟ್ಟಿಗೆ ಕೂತು ನೋಡಿದರು. ಎದುರಿನ ದೊಡ್ಡ ನಾಳದ ಬುಡದಲ್ಲೇ ಬ್ಲಾಕ್, ಉಳಿದ ಎರಡರಲ್ಲಿ ಉದ್ದಕ್ಕೂ ಅಲ್ಲಲ್ಲಿ. ಸ್ಟೆಂಟ್ ಹಾಕಿದ ಜಾಗವನ್ನಷ್ಟೇ ಸರಿ ಮಾಡುತ್ತದೆ, ಶುಗರ್ ಇರುವವರಿಗೆ ಆಚೀಚೆ ಹೊಸ ಬ್ಲಾಕ್ ಬರುವುದು ಜಾಸ್ತಿ. ಬೈಪಾಸ್ ಅಂದರೆ ಆಪರೇಷನ್ ಮಾಡಿ ಬೇರೆ ನಾಳ ಜೋಡಿಸುವುದು, ಅದು ಆ ಇಡೀ ತುಂಡನ್ನೇ ದಾಟಿ ಮುಂದೆ ರಕ್ತ ಕೊಡುತ್ತದೆ. 2012ರಲ್ಲಿ ಬಂದ ಫ್ರೀಡಂ ಅಧ್ಯಯನದ ಲೆಕ್ಕವನ್ನೂ ಸರ್ಜನ್ ತೋರಿಸಿದರು. ನನ್ನಂತೆ ಶುಗರ್ ಜೊತೆಗೆ ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್ ಇದ್ದ 1900 ಜನರ ಮೇಲೆ ಮಾಡಿದ್ದು. ಐದು ವರ್ಷದಲ್ಲಿ ಸಾವು, ಅಟ್ಯಾಕ್, ಪಾರ್ಶ್ವವಾಯು ಮೂರೂ ಸೇರಿ ಸ್ಟೆಂಟ್‌ನವರಲ್ಲಿ ಶೇ. 26.6, ಬೈಪಾಸ್‌ನವರಲ್ಲಿ ಶೇ. 18.7. ಆದರೆ ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲೇ ಜಾಸ್ತಿ, 5.2. ಸ್ಟೆಂಟ್‌ನಲ್ಲಿ 2.4. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಪಕ್ಕದ ಮನೆಯವರು "ನನಗೆ ಸ್ಟೆಂಟ್ ಹಾಕಿ ಎರಡೇ ದಿನಕ್ಕೆ ಮನೆಗೆ ಕಳಿಸಿದ್ರು, ನೀವ್ಯಾಕೆ ಎದೆ ಕೊಯ್ಸಿಕೊಳ್ತೀರಿ ಮಾರಾಯ್ರೆ" ಅಂದರು. ಅವರಿಗೆ ಇದ್ದದ್ದು ಒಂದೇ ಬ್ಲಾಕ್, ಶುಗರ್ ಇಲ್ಲ. ಅವರಿಗೆ ಅದೇ ಸರಿ.

ನಾನು ಬೈಪಾಸ್‌ಗೇ ಒಪ್ಪಿದೆ. ಎದೆಯ ಒಳಗಿನ ಅಪಧಮನಿಯನ್ನು ದೊಡ್ಡ ನಾಳಕ್ಕೆ ಜೋಡಿಸಿದರು, ಉಳಿದೆರಡಕ್ಕೆ ಕಾಲಿನಿಂದ ತೆಗೆದ ರಕ್ತನಾಳ. ಎದೆಗಿಂತ ಕಾಲಿನ ಗಾಯವೇ ಜಾಸ್ತಿ ಕಾಡಿತು, ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡೇ ಕೆಮ್ಮಬೇಕು. ಎದೆಯ ಮೂಳೆ ಕೂಡುವವರೆಗೆ ಸ್ಕೂಟರ್ ಇಲ್ಲ, ಭಾರ ಎತ್ತುವ ಹಾಗಿಲ್ಲ. ನಾಲ್ಕನೇ ತಿಂಗಳು ಮತ್ತೆ ಜೋಗಿಮಠದ ಮೆಟ್ಟಿಲು ಹತ್ತಿದೆ. ಹೆಂಡತಿ ಹಿಂದಿನಿಂದ ಎಣಿಸುತ್ತಾ ಬಂದಳು, ಅರ್ಧಕ್ಕೆ ಅವಳೇ ಸುಸ್ತಾಗಿ ಕೂತಳು.