ಚುಕ್ಕಿಯನ್ನು ಸ್ಟೈಲಿಗೆ ಕಟ್ಟಿಹಾಕಿದ್ದು: ನನ್ನ ಅನುಭವ

ಹೋದ ತಿಂಗಳು 180 ಪುಟದ ಪ್ರಶ್ನೆಕೋಶವೊಂದನ್ನು ಮುಗಿಸಿ ಕೊಟ್ಟೆ. ಸಾಲಿನ ಮುಂದೆ ಚುಕ್ಕಿ (ಬುಲೆಟ್) ಹಾಕಿದ ಅಂಶಗಳೇ ಅದರಲ್ಲಿ ಸುಮಾರು 1,400 ಇದ್ದವು. ಪ್ರೂಫ್ ನೋಡಿದ ಮೇಷ್ಟ್ರು ಕೊನೇ ದಿನ ಸಂಜೆ ಬಂದು, "ಚುಕ್ಕಿ ಸಣ್ಣದಾಯ್ತಮ್ಮ, ಎಡಕ್ಕೂ ಇನ್ನೊಂಚೂರು ಸರೀಬೇಕು" ಅಂದರು. ಅವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಅಷ್ಟೂ ಚುಕ್ಕಿ ದೊಡ್ಡದಾಗಿ ಎಡಕ್ಕೆ ಸರಿದು ಕೂತಿದ್ದವು. ಎಲ್ಲಕ್ಕೂ ಹಾಕಿದ್ದು ಒಂದೇ ಸ್ಟೈಲು, ಅಂದರೆ ವರ್ಡ್‌ನಲ್ಲಿ ಒಂದು ಹೆಸರಿನಡಿ ಇಟ್ಟ ಫಾಂಟು, ಅಳತೆಗಳ ಕಟ್ಟು. ಅದೊಂದನ್ನು ಬದಲಿಸಿದರೆ ಎಲ್ಲವೂ ಬದಲಾಗುತ್ತದೆ. ಪಕ್ಕದ ಅಂಗಡಿಯ ಹುಡುಗ ನಿಂತು ನೋಡುತ್ತಿದ್ದ. "ಏನಕ್ಕ, ಒಂದು ಚುಕ್ಕಿಗೆ ಇಷ್ಟೊಂದು ಒದ್ದಾಡ್ತೀಯಲ್ಲ, ಬಟನ್ ಒತ್ತಿದ್ರೆ ಬರಲ್ವಾ?" ಅಂತ ಎರಡು ವರ್ಷದಿಂದ ಹೇಳುತ್ತಿದ್ದವನು ಅವನೇ. ಆವತ್ತು ಏನೂ ಹೇಳಲಿಲ್ಲ. ಮಾರನೇ ದಿನ ಪೆನ್‌ಡ್ರೈವ್ ಹಿಡಿದುಕೊಂಡು ಬಂದ.

ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನ ಡಿಟಿಪಿ ಅಂಗಡಿ. ಹದಿನೇಳು ವರ್ಷವಾಯಿತು. ಜಾತ್ರೆಯ ಕರಪತ್ರ, ಸಂಘಗಳ ವಾರ್ಷಿಕ ವರದಿ, ಪಿಎಚ್‌ಡಿ ಹುಡುಗರ ಪ್ರಬಂಧ, ಮೇಷ್ಟ್ರುಗಳ ಗೈಡು, ಎಲ್ಲ ಬರುತ್ತವೆ. ವರ್ಡ್ ಬಳಸುವುದು ನಿಮಗೆಲ್ಲ ಗೊತ್ತು, ಆ ಪಾಠ ಇಲ್ಲಿಲ್ಲ. ನಾನು ಎಲ್ಲಿ ದುಡ್ಡು ಕಳೆದುಕೊಂಡೆ ಅನ್ನುವುದರಿಂದ ಶುರು ಮಾಡುತ್ತೇನೆ.

ಏಳೆಂಟು ವರ್ಷದ ಹಿಂದೆ ತಿಪಟೂರು ಕಡೆಯ ಒಂದು ಸಹಕಾರ ಸಂಘದ ವಾರ್ಷಿಕ ವರದಿ. ಮ್ಯಾಟರ್ ಅರ್ಧ ಇಂಗ್ಲಿಷಿನಲ್ಲಿ ಬಂದಿತ್ತು. ಉಪ ಅಂಶಗಳಿಗೆ ಎ, ಬಿ, ಸಿ ಅಂತ ಆಟೋ ನಂಬರಿಂಗ್ ಇತ್ತು. ಅದರ ಮೇಲೇ ಕನ್ನಡ ಟೈಪ್ ಮಾಡಿ, ಕಂಟ್ರೋಲ್ ಎ ಒತ್ತಿ, ಪೂರ್ತಿ ಫೈಲಿಗೆ ನುಡಿ 01 ಇ ಅನ್ನುವ ಕನ್ನಡ ಫಾಂಟ್ ಹಾಕಿಬಿಟ್ಟೆ. ಆ ಹಳೇ ನುಡಿ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ ಎ ಇರುವ ಜಾಗದಲ್ಲಿ 'ಚಿ' ಕೂತಿದೆ. ನಂಬರಿಗೆ ತನ್ನದೇ ಫಾಂಟ್ ಕೊಡದಿದ್ದರೆ ಅದು ಪ್ಯಾರಾ ಗುರುತಿನ (ಎಂಟರ್ ಒತ್ತಿದಾಗ ಪ್ಯಾರಾ ಕೊನೆಗೆ ಬೀಳುವ ಗುರುತಿನ) ಫಾಂಟನ್ನೇ ಹಿಡಿಯುತ್ತದೆ. ಹಾಗಾಗಿ 'ಸದಸ್ಯರ ಷೇರು ಬಂಡವಾಳ' ಅನ್ನುವುದರ ಮುಂದೆ ಎ ಹೋಗಿ 'ಚಿ)' ಬಂತು. ಒಂದೇ ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆಯಲ್ಲಿ, ಹದಿಮೂರು ಕಡೆ. ಅವಸರದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ, ಪ್ರೆಸ್ಸಿನವರ ಕಣ್ಣಿಗೂ ಬೀಳಲಿಲ್ಲ. ಕಾರ್ಯದರ್ಶಿಗಳು ಕಂಡುಹಿಡಿದಾಗ ಸಾವಿರ ಪ್ರತಿ ಮಡಿಸಿ ಪಿನ್ ಹೊಡೆದಾಗಿತ್ತು. ಪ್ಲೇಟು, ಕಾಗದ, ಬೈಂಡಿಂಗ್ ಕೂಲಿ ಎಲ್ಲ ಸೇರಿ 11 ಸಾವಿರದ ಹತ್ತಿರ ನನ್ನ ಕೈಯಿಂದ ಹೋಯಿತು. ಆ ಕೆಲಸದಿಂದ ನನಗೆ ಬರಬೇಕಾಗಿದ್ದದ್ದು ಮೂರು ಸಾವಿರ.

ಅದಾದ ಮೇಲೆ ಭಯಕ್ಕೆ ಆಟೋ ನಂಬರಿಂಗನ್ನೇ ಬಿಟ್ಟೆ. ಒಂದು ನಕ್ಷತ್ರ, ನಾಲ್ಕು ಸ್ಪೇಸ್, ಆಮೇಲೆ ಮ್ಯಾಟರ್. ಎರಡನೇ ಸಾಲು ನಕ್ಷತ್ರದ ಕೆಳಗೇ ಬಂದು ನಿಲ್ಲುತ್ತಿತ್ತು, ಅಲ್ಲಿ ಎಂಟರ್ ಹೊಡೆದು ಮತ್ತೆ ಸ್ಪೇಸ್. ನೋಡಲು ಚೆನ್ನಾಗಿಯೇ ಇರುತ್ತಿತ್ತು. ಗಿರಾಕಿ ಬಂದು "ಅಕ್ಷರ ಒಂದು ಪಾಯಿಂಟ್ ದೊಡ್ಡದು ಮಾಡಿ" ಅಂದರೆ ಮುಗಿಯಿತು. ಎಂಟರ್ ಹೊಡೆದ ಸಾಲುಗಳೆಲ್ಲ ಮಧ್ಯಕ್ಕೆ ಬಂದು ಮುರಿಯುತ್ತಿದ್ದವು. ಪುಟಕ್ಕೆ 30 ರೂಪಾಯಿ ತಗೊಂಡು ಒಂದೇ ಪುಟವನ್ನು ಮೂರು ಸಲ ಕಟ್ಟಿದರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ.

ಸ್ಟೈಲಿನ ದಾರಿ ಹಿಡಿದಿದ್ದು ಆಮೇಲೆ. ಲಿಸ್ಟ್ ಬುಲೆಟ್ ಅನ್ನುವ ಸ್ಟೈಲು ವರ್ಡ್‌ನಲ್ಲೇ ಇದೆ, ಕಂಟ್ರೋಲ್ ಶಿಫ್ಟ್ ಎಲ್ ಒತ್ತಿದರೆ ಹತ್ತುತ್ತದೆ. ಆದರೆ ಅದನ್ನು ಹಾಗೇ ಬಳಸಿದರೆ ಸಾಲದು. ಮಲ್ಟಿಲೆವೆಲ್ ಲಿಸ್ಟಿಗೆ ಹೋಗಿ ಹೊಸದೊಂದು ಮಾಡಿ, ಒಂದನೇ ಹಂತವನ್ನು ಲಿಸ್ಟ್ ಬುಲೆಟ್‌ಗೆ, ಎರಡನೆಯದನ್ನು ಲಿಸ್ಟ್ ಬುಲೆಟ್ 2ಕ್ಕೆ ಲಿಂಕ್ ಮಾಡಬೇಕು. ಚುಕ್ಕಿ ಎಲ್ಲಿ, ಅಕ್ಷರ ಎಲ್ಲಿ ಅನ್ನುವ ಅಳತೆಯನ್ನು ಅಲ್ಲಿಯೇ ಕೊಡಬೇಕು. ನಾನು ಚುಕ್ಕಿಗೆ ಅರ್ಧ ಸೆಂಟಿಮೀಟರ್, ಅಕ್ಷರಕ್ಕೆ 1.1 ಇಡುತ್ತೇನೆ. ರೂಲರ್ ಹಿಡಿದು ಎಳೆಯಬೇಡಿ. ಎಳೆದ ಪ್ಯಾರಾ ಆಮೇಲೆ ಸ್ಟೈಲಿನ ಮಾತು ಕೇಳುವುದಿಲ್ಲ, ಹೀಗೆ ಕೈತಪ್ಪಿದ ಒಂದೊಂದನ್ನು ಹುಡುಕುವುದರಲ್ಲಿ ನನ್ನ ಎಷ್ಟೋ ರಾತ್ರಿ ಕಳೆದಿವೆ.

ಚುಕ್ಕಿಗೂ ಫಾಂಟ್ ಅದೇ ಜಾಗದಲ್ಲಿ ಕೊಟ್ಟುಬಿಡಿ. ವರ್ಡ್ ಸುಮ್ಮನೆ ಕೊಡುವ ಮೊದಲ ಹಂತದ ಚುಕ್ಕಿ ಸಿಂಬಲ್ ಫಾಂಟಿನದು. ಎರಡನೇ ಹಂತದ ಖಾಲಿ ಸೊನ್ನೆ ನಿಜಕ್ಕೂ ಕೊರಿಯರ್ ನ್ಯೂ ಫಾಂಟಿನ ಇಂಗ್ಲಿಷ್ 'ಓ' ಅಕ್ಷರ. ಮೂರನೆಯದರ ಚೌಕ ವಿಂಗ್‌ಡಿಂಗ್ಸ್. ಇದು ಗೊತ್ತಿದ್ದರೆ ಫೈಲು ಇನ್ನೊಂದು ಕಂಪ್ಯೂಟರಿಗೆ ಹೋದಾಗ ಯಾವ ಹಂತ ಯಾಕೆ ಕೆಟ್ಟಿತು ಅಂತ ತಕ್ಷಣ ಹೊಳೆಯುತ್ತದೆ. ಫಾಂಟ್ ಜೊತೆ ಬೋಲ್ಡ್ ಬೇಡ ಅಂತಲೂ ಅಲ್ಲೇ ಹೇಳಿ. ಇಲ್ಲದಿದ್ದರೆ ಇಡೀ ಸಾಲನ್ನು ಬೋಲ್ಡ್ ಮಾಡಿದ ಕಡೆಯೆಲ್ಲ ಚುಕ್ಕಿಯೂ ದಪ್ಪಗಾಗಿ, ಒಂದೇ ಪುಟದಲ್ಲಿ ಎರಡು ಜಾತಿ ಕಾಣುತ್ತದೆ.

ಸಾಲಿನ ಅಂತರದಲ್ಲಿ ಇಂಗ್ಲಿಷ್ ಟೆಂಪ್ಲೇಟ್ ನಂಬಿ ಕೆಟ್ಟವರೇ ಹೆಚ್ಚು. 'ಎಗ್ಸಾಕ್ಟ್ಲಿ' ಅಂತ ಬಿಗಿಯಾಗಿ ಕೊಟ್ಟರೆ 'ರಾಷ್ಟ್ರ', 'ಸ್ವಾತಂತ್ರ್ಯ' ಇಂಥ ಕಡೆ ಒತ್ತಕ್ಷರದ ಕಾಲೇ ತುಂಡಾಗುತ್ತದೆ. ನಾನು 'ಅಟ್ ಲೀಸ್ಟ್' (ಕಡಿಮೆಯೆಂದರೆ ಇಷ್ಟು) ಬಿಟ್ಟು ಬೇರೆ ಇಡುವುದಿಲ್ಲ. ಇನ್ನೊಂದು, ಒಂದೇ ಸ್ಟೈಲಿನ ಪ್ಯಾರಾಗಳ ನಡುವೆ ಜಾಗ ಬೇಡ ಅನ್ನುವ ಟಿಕ್ ಒಂದು ಪ್ಯಾರಾಗ್ರಾಫ್ ಡಬ್ಬಿಯಲ್ಲಿ ಅಡಗಿದೆ. ಅದು ಇರುವವರೆಗೂ ನೀವು ಆಫ್ಟರ್‌ನಲ್ಲಿ (ಪ್ಯಾರಾ ಆದ ಮೇಲಿನ ಜಾಗ) 3 ಪಾಯಿಂಟ್ ಕೊಟ್ಟರೂ 30 ಕೊಟ್ಟರೂ ಅಂಶಗಳು ಅಂಟಿಕೊಂಡೇ ಇರುತ್ತವೆ. ಇದನ್ನು ಕಂಡುಹಿಡಿಯಲು ನನಗೆ ಒಂದು ವಾರ ಹಿಡಿಯಿತು.

ಪ್ರಶ್ನೆಕೋಶದ ನಿಜವಾದ ಕಷ್ಟ ಬೇರೆ. ಎಂಟು ಜನ ಮೇಷ್ಟ್ರು ಎಂಟು ಥರ ಕಳಿಸಿದ್ದರು. ಒಬ್ಬರದು ವಾಟ್ಸಾಪಿನ ಹಳದಿ ಬೆರಳು, ಒಬ್ಬರದು ಅಡ್ಡಗೆರೆ, ಒಬ್ಬರದು ವರ್ಡಿನದೇ ಚುಕ್ಕಿ. ಹಾಗೇ ಪೇಸ್ಟ್ ಮಾಡಿದರೆ ಎಂಟೂ ಜನರ ಲಿಸ್ಟ್ ನನ್ನ ಫೈಲಿಗೆ ನುಗ್ಗಿ, ಎರಡನೇ ಅಧ್ಯಾಯದ ನಂಬರು 15ರಿಂದ ಶುರುವಾಗುತ್ತದೆ. ಅದಕ್ಕೆ ಬರೀ ಟೆಕ್ಸ್ಟ್ ಆಗಿ ಪೇಸ್ಟ್ ಮಾಡುತ್ತೇನೆ. ಹಾಗೆ ಮಾಡುವಾಗಲೂ ಚುಕ್ಕಿ ಉಳಿಯಬೇಕೋ ಬೇಡವೋ ಅಂತ ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಒಂದು ಟಿಕ್ ಇದೆ. ಮೊದಲು ಶುಚಿಯಾಗಲಿ ಅಂತ ಅದನ್ನು ತೆಗೆದೆ. ನಲವತ್ತು ಪುಟ ಸೇರಿಸಿದ ಮೇಲೆ ನೋಡಿದರೆ ಯಾವುದು ಅಂಶ, ಯಾವುದು ಮಾಮೂಲಿ ಪ್ಯಾರಾ ಅಂತ ಗೊತ್ತಾಗದೆ ಎರಡು ದಿನ ಹಾಳಾಯಿತು. ಈಗ ಟಿಕ್ ಇಟ್ಟೇ ಪೇಸ್ಟ್ ಮಾಡುತ್ತೇನೆ. ಚುಕ್ಕಿಯೂ ಟ್ಯಾಬೂ ಅಕ್ಷರವಾಗಿ ಇಳಿಯುತ್ತವೆ. ಅಲ್ಲಿಂದ ಫೈಂಡ್ ರೀಪ್ಲೇಸ್‌ನಲ್ಲಿ ಒಂದು ಸಾಲು ಓಡಿಸಿದರೆ ಬೆರಳು, ಗೆರೆ, ಚುಕ್ಕಿ ಮೂರೂ ಅಳಿಸಿ ಆ ಪ್ಯಾರಾಗಳಿಗೆಲ್ಲ ನನ್ನ ಸ್ಟೈಲ್ ಹತ್ತುತ್ತದೆ. ಆ ಸಾಲು ಏನು ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಮೊದಲಾದರೆ ಐದು ದಿನ ಹಿಡಿಯುತ್ತಿದ್ದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು ಅನ್ನುವಷ್ಟು ಮಾತ್ರ ಹೇಳುತ್ತೇನೆ.

ನಡುವೆ ಬೇರೆ ಬೇರೆ ಪ್ರಯೋಗವನ್ನೂ ಮಾಡಿದೆ. ಕರಪತ್ರಕ್ಕೆ ಬೆರಳು ತೋರಿಸುವ ಕೈ ಬೇಕೇ ಬೇಕು ಅನ್ನುವವರಿದ್ದಾರೆ. ವಿಂಗ್‌ಡಿಂಗ್ಸ್‌ನಲ್ಲಿ ದೊಡ್ಡ ಎಫ್ ಹಾಕಿದರೆ ಬಲಕ್ಕೆ ತೋರಿಸುವ ಕೈ ಬರುತ್ತದೆ, ಅದನ್ನೇ ಒಂದು ಸ್ಟೈಲ್ ಮಾಡಿ ಇಟ್ಟಿದ್ದೇನೆ. ತೆಂಗು ಬೆಳೆಗಾರರ ಒಂದು ಕೈಪಿಡಿಗೆ ತೆಂಗಿನಕಾಯಿಯ ಚಿತ್ರವನ್ನೇ ಚುಕ್ಕಿಯಾಗಿ ಹಾಕಿದೆ. ಸ್ಕ್ರೀನಿನ ಮೇಲೆ ಬಹಳ ಮುದ್ದಾಗಿತ್ತು. 12 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದಾಗ ಶಾಯಿ ಬಿದ್ದ ಹಾಗೆ ಕಂಡಿತು, ತೆಗೆದುಹಾಕಿದೆ. ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ಹಳೇ ಸಾಫ್ಟ್‌ವೇರಿನಲ್ಲೇ ಕೊಡಿ ಅನ್ನುವ ಪ್ರೆಸ್ಸುಗಳು ಈಗಲೂ ಇವೆ. ಅದರ ಕೊನೆಯ ಆವೃತ್ತಿ 7, 2001ರದು, ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆದ ಅಕ್ಷರ ಸಂಕೇತ) ಅದಕ್ಕೆ ಹಿಡಿಸುವುದಿಲ್ಲ. ಅವರಿಗಾಗಿ ಮತ್ತೆ ಹಳೇ ನುಡಿಗೆ ತಿರುಗಿಸಬೇಕು, ಚುಕ್ಕಿಯನ್ನೆಲ್ಲ ಅಲ್ಲಿ ಹೊಸದಾಗಿ ಹಾಕಬೇಕು. ಅದಕ್ಕೆ ಪುಟಕ್ಕೆ 10 ರೂಪಾಯಿ ಜಾಸ್ತಿ ತಗೊಳ್ಳುತ್ತೇನೆ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಕನ್ನಡ ಅಂಕಿಯ ಪ್ರಯೋಗ. ವರ್ಡಿನ ನಂಬರ್ ಪಟ್ಟಿಯಲ್ಲಿ ಹಿಂದಿಯ ಅಂಕಿ, ಅಕ್ಷರ ಇವೆ, ನಮ್ಮ ೧, ೨, ೩ ಇಲ್ಲ. ಮೇಷ್ಟ್ರಿಗೆ ಕನ್ನಡ ಅಂಕಿಯೇ ಬೇಕಿತ್ತು. ಪಠ್ಯವೆಲ್ಲ ಯೂನಿಕೋಡಿನಲ್ಲಿ ಬಿಟ್ಟು, ನಂಬರಿನ ಫಾಂಟನ್ನು ಮಾತ್ರ ನುಡಿ 01 ಕೆ ಮಾಡಿದೆ. ಆ 'ಕೆ' ಫಾಂಟಿನಲ್ಲಿ ಅಂಕಿಗಳ ಜಾಗದಲ್ಲಿ ಕನ್ನಡ ಅಂಕಿಗಳಿವೆ. ವರ್ಡ್ ತನ್ನ ಪಾಡಿಗೆ 1, 2, 3 ಎಣಿಸುತ್ತದೆ, ಕಾಗದದ ಮೇಲೆ ೧, ೨, ೩ ಮೂಡುತ್ತದೆ. ನಡುವೆ ಒಂದು ಪ್ರಶ್ನೆ ಕಿತ್ತರೂ ತಾನೇ ಸರಿಹೋಗುತ್ತದೆ. ಹಿಂದೆ 11 ಸಾವಿರ ನುಂಗಿದ್ದೂ ಇದೇ ಫಾಂಟ್ ಹಿಡಿಯುವ ಗುಣ, ಈಗ ಉಪಯೋಗಕ್ಕೆ ಬಂದಿದ್ದೂ ಅದೇ. ೯೯ ದಾಟಿ ೧೦೦ಕ್ಕೆ ಬಂದಾಗ ಅಂಕಿಗೆ ಜಾಗ ಸಾಲದೆ ಪ್ರಶ್ನೆ ಮುಂದಿನ ಟ್ಯಾಬಿಗೆ ಹಾರಿತು. ಅಕ್ಷರ ಶುರುವಾಗುವ ಅಳತೆಯನ್ನು 1.4 ಸೆಂಟಿಮೀಟರಿಗೆ ಹೆಚ್ಚಿಸಿ, ನಂಬರನ್ನು ಬಲಕ್ಕೆ ಅಲೈನ್ ಮಾಡಿದ ಮೇಲೆ ನೇರವಾಗಿ ನಿಂತಿತು.

ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅದು ಮತ್ತೆ 1, 2, 3 ಆಗುತ್ತದೆ. ಅದಕ್ಕೆ ಪ್ರೆಸ್ಸಿಗೆ ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕಳಿಸುತ್ತೇನೆ. ಪಕ್ಕದ ಅಂಗಡಿಯ ಹುಡುಗನ ಪೆನ್‌ಡ್ರೈವಿಗೆ ನನ್ನ ಟೆಂಪ್ಲೇಟ್ ಹಾಕಿಕೊಟ್ಟೆ, ಫೈಂಡ್ ರೀಪ್ಲೇಸ್ ಸಾಲೊಂದನ್ನು ಬಿಟ್ಟು.