ಗಡಿ ಕಾಯುವ ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುವುದು ಹೇಗೆ?

ಎರಡು ಗಂಡು ಹಕ್ಕಿಗಳು ಗಾಳಿಯಲ್ಲೇ ಕಾಲಿಗೆ ಕಾಲು ಸಿಕ್ಕಿಸಿಕೊಂಡು ಕಾದಾಡುವ ಫೋಟೊ ನೋಡಿದಾಗ ನಮಗೂ ಅಂಥದ್ದೊಂದು ಸಿಗಬೇಕು ಅನ್ನಿಸುತ್ತದೆ. ಆದರೆ ಅಂಥ ಹೊಡೆದಾಟ ನಡೆಯುವುದೇ ಕಡಿಮೆ. ನಡೆದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಹೊಡೆದಾಟದಲ್ಲಿ ಗೆದ್ದವನಿಗೂ ಗಾಯ ಆಗಬಹುದು. ಅದಕ್ಕೇ ಬಹುತೇಕ ಜೀವಿಗಳು ತಮ್ಮ ಜಾಗವನ್ನು ಕಾಯುವುದು ಕೂಗಿ, ಮೈ ಉಬ್ಬಿಸಿ, ಗುರುತು ಹಾಕಿ, ಎದುರಾಳಿಯನ್ನು ದಿಟ್ಟಿಸಿ. ಒಳ್ಳೆಯ ಫೋಟೊಗಳು ಇರುವುದು ಈ ಬೆದರಿಕೆಯ ಹಂತದಲ್ಲೇ. ಜಗಳ ಯಾವಾಗ ಆಗುತ್ತದೋ ಅಂತ ಸುಮ್ನೆ ಕಾಯುವ ಬದಲು ಬೆದರಿಕೆಯನ್ನು ಓದಲು ಕಲಿಯಿರಿ.

ಮೊದಲು, ಇದು ಯಾರ ಜಗಳ?

ಕ್ಯಾಮೆರಾ ಎತ್ತುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಮಡಿವಾಳ ಹಕ್ಕಿ ಕೊಂಬೆಯ ತುದಿಯಲ್ಲಿ ಕೂತು ಬೆಳಗಿನ ಜಾವ ಹಾಡುತ್ತಿದ್ದರೆ ಅದು ಪಕ್ಕದ ಗಂಡಿಗೆ ಹೇಳುತ್ತಿರುವ ಮಾತು: ಇಲ್ಲಿಗೆ ಬರಬೇಡ. ಅದನ್ನು ನೀವು ಆರಾಮವಾಗಿ ಚಿತ್ರಿಸಬಹುದು. ಆದರೆ ಟಿಟ್ಟಿಭ ನಿಮ್ಮ ತಲೆಯ ಮೇಲೇ ಕಿರುಚುತ್ತಾ ಸುತ್ತುತ್ತಿದ್ದರೆ ಅಲ್ಲಿ ಎದುರಾಳಿ ನೀವೇ. ಹತ್ತಿರದಲ್ಲೇ ಬರಿ ನೆಲದ ಮೇಲೆ ಅದರ ಮೊಟ್ಟೆಯೋ ಮರಿಯೋ ಇರುತ್ತದೆ. ಮೊಟ್ಟೆಗಳು ಕಲ್ಲು, ಮಣ್ಣಿನ ಬಣ್ಣಕ್ಕೆ ಹೊಂದಿಕೊಂಡಿರುವುದರಿಂದ ಕಾಲಡಿಗೆ ಸಿಕ್ಕರೂ ಗೊತ್ತಾಗುವುದಿಲ್ಲ. ಆಗ ಕ್ಯಾಮೆರಾ ಇಳಿಸಿ, ಕಾಲಿಡುವ ಜಾಗ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಆನೆ ಕಿವಿ ಅಗಲಿಸಿ ನಿಮ್ಮತ್ತ ಬಂದರೂ ಅಷ್ಟೆ. ಆನೆಗಳು ಹುಲಿಯ ಹಾಗೆ ಗಡಿ ಹಾಕಿಕೊಂಡು ಕಾಯುವುದಿಲ್ಲ. ಆ ಸಿಟ್ಟು ನಿಮ್ಮ ಮೇಲೆ, ನಿಮ್ಮಿಂದಾಗಿಯೇ ಬಂದದ್ದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗಡಿ ಕಾಯುವುದು ಬಹಳ ದುಬಾರಿ ಕೆಲಸ. ಪೂರ್ವ ಆಫ್ರಿಕಾದ ಒಂದು ಜಾತಿಯ ಸೂರಕ್ಕಿಯ ಬಗ್ಗೆ ಗಿಲ್ ಮತ್ತು ವುಲ್ಫ್ ಎಂಬ ವಿಜ್ಞಾನಿಗಳು 1975ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸುಮ್ಮನೆ ಕೂತಾಗ ಆ ಹಕ್ಕಿಗೆ ಗಂಟೆಗೆ ಸುಮಾರು 400 ಕ್ಯಾಲೊರಿ ಸಾಕು. ಮಕರಂದ ಹೀರುವಾಗ 1,000 ಬೇಕು. ತನ್ನ ಹೂಗಳ ಹತ್ತಿರ ಬಂದವರನ್ನು ಓಡಿಸುವಾಗ 3,000. (ಇವು ವಿಜ್ಞಾನದ ಸಣ್ಣ ಕ್ಯಾಲೊರಿಗಳು, ಊಟದ ಲೆಕ್ಕದವಲ್ಲ.) ಅಂದರೆ ತಿನ್ನುವ ಕೆಲಸಕ್ಕಿಂತ ಕಾಯುವ ಕೆಲಸಕ್ಕೆ ಮೂರು ಪಟ್ಟು ಶಕ್ತಿ ಹೋಗುತ್ತದೆ. ಆ ಶಕ್ತಿಯನ್ನು ಒಂದು ಫೋಟೊಗಾಗಿ ನಾವು ಖರ್ಚು ಮಾಡಿಸುವುದು ನ್ಯಾಯವಲ್ಲ, ಅಲ್ವಾ?

ಗಡಿ ಎಲ್ಲಿದೆ, ಕಂಡುಹಿಡಿಯಿರಿ

ಮೊದಲ ದಿನ ಫೋಟೊ ತೆಗೆಯುವ ಆತುರ ಬೇಡ. ಒಂದು ಬೈನಾಕ್ಯುಲರ್, ಒಂದು ಹಾಳೆ, ಪೆನ್ಸಿಲ್ ಸಾಕು. ಜಾಗದ ಒರಟು ನಕ್ಷೆ ಬರೆಯಿರಿ. ಹಕ್ಕಿ ಹಾಡಿದ ಕೊಂಬೆ, ಕೂತ ಕಂಬ, ಹಾರಿದ ದಿಕ್ಕು ಗುರುತು ಹಾಕುತ್ತಾ ಹೋಗಿ. ಎರಡು ಗಂಡುಗಳು ಒಂದೇ ಹೊತ್ತಿಗೆ ಹಾಡುವುದು ಕೇಳಿಸಿದರೆ ಎರಡರ ಜಾಗವನ್ನೂ ಗುರುತಿಸಿ. ಒಂದು ಹಕ್ಕಿ ಇನ್ನೊಂದನ್ನು ಅಟ್ಟಿಕೊಂಡು ಹೋಗಿ, ಎಲ್ಲೋ ಒಂದು ಕಡೆ ತಟ್ಟನೆ ನಿಂತು ವಾಪಸ್ ಬರುತ್ತದೆ. ಆ ತಿರುಗುವ ಜಾಗವನ್ನು ತಪ್ಪದೆ ಬರೆದುಕೊಳ್ಳಿ. ಅಂಥ ಚುಕ್ಕಿಗಳನ್ನು ಸೇರಿಸಿದರೆ ಗಡಿಯ ಗೆರೆ ತಾನಾಗಿಯೇ ಕಾಣುತ್ತದೆ.

ಪ್ರಾಣಿಗಳಲ್ಲಿ ಗುರುತುಗಳೇ ಗೆರೆ. ಗಂಡು ಕೃಷ್ಣಮೃಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ರಾಶಿ ಮಾಡುತ್ತದೆ. ಹುಲಿ ಮರದ ಬುಡಕ್ಕೆ ಮೂತ್ರ ಸಿಂಪಡಿಸುತ್ತದೆ, ತೊಗಟೆ ಮೇಲೆ ಉಗುರಿನಿಂದ ಗೀಚುತ್ತದೆ. ಇಂಥ ಗುರುತುಗಳನ್ನು ಅದು ಆಗಾಗ ಹೊಸದು ಮಾಡಬೇಕು. ಹಾಗಾಗಿ ಗುರುತಿನ ಮರ ಸಿಕ್ಕಿತೆಂದರೆ ಪ್ರಾಣಿ ಮತ್ತೆ ಬರುವ ಜಾಗವೊಂದು ಸಿಕ್ಕಿತು ಅಂತಲೇ ಲೆಕ್ಕ.

ಕಾಲವೂ ಮುಖ್ಯ. ಸಂತಾನದ ಋತು ಶುರುವಾಗುವಾಗ ಗಡಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ತಳ್ಳಾಟ ಜಾಸ್ತಿ ಆಗುವುದು ಆಗಲೇ. ನೆರೆಹೊರೆಯವರು ಒಬ್ಬರಿಗೊಬ್ಬರು ಪರಿಚಯವಾದ ಮೇಲೆ ಗಲಾಟೆ ಇಳಿಯುತ್ತದೆ. ಹೊಸಬ ಬಂದರೆ ಮಾತ್ರ ಮತ್ತೆ ಏರುತ್ತದೆ.

ಎಲ್ಲಿ ಕೂರಬೇಕು?

ಬಹಳ ಜನ ಎಡವುವುದು ಇಲ್ಲೇ. ಹಾಡುವ ಹಕ್ಕಿಯ ಎದುರಿಗೆ ಹೋಗಿ ಕೂರುತ್ತಾರೆ. ಆಮೇಲೆ ಎದುರಾಳಿ ಬಂದಾಗ ಒಂದರ ಬೆನ್ನು, ಇನ್ನೊಂದರ ಮುಖ ಸಿಗುತ್ತದೆ. ಒಂದು ಹತ್ತಿರ, ಒಂದು ದೂರ. ಎರಡರ ಮೇಲೂ ಫೋಕಸ್ ಕೂರುವುದಿಲ್ಲ.

ನಿಮ್ಮ ನಕ್ಷೆಯಲ್ಲಿರುವ ಗಡಿಯ ಗೆರೆಯನ್ನೇ ಮುಂದಕ್ಕೆ ಎಳೆಯಿರಿ. ಆ ಗೆರೆಯ ಮೇಲೆ, ಜಗಳದ ಜಾಗದಿಂದ ದೂರದಲ್ಲಿ ಕೂರಿ. ಈಗ ಒಬ್ಬ ನಿಮ್ಮ ಎಡಕ್ಕೆ, ಇನ್ನೊಬ್ಬ ಬಲಕ್ಕೆ. ಇಬ್ಬರೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತಾರೆ, ಇಬ್ಬರ ಪಕ್ಕದ ನೋಟವೂ ಸಿಗುತ್ತದೆ. ನಡುವಿನ ಖಾಲಿ ಜಾಗವೇ ಚಿತ್ರಕ್ಕೆ ಬಿಗಿ ಕೊಡುತ್ತದೆ. ಗಂಡು ಕೆಂಪು ಜಿಂಕೆಗಳು ಮೊದಲು ಗುಟುರು ಹಾಕಿ, ಆಮೇಲೆ ಅಕ್ಕಪಕ್ಕದಲ್ಲಿ ನಡೆಯುತ್ತಾ ಪರಸ್ಪರ ಅಳೆಯುತ್ತವೆ. ಎಷ್ಟೋ ಸಲ ಕೊಂಬು ತಾಗಿಸದೆಯೇ ಒಂದು ಹಿಂದೆ ಸರಿಯುತ್ತದೆ. ಈ ಅಕ್ಕಪಕ್ಕದ ನಡಿಗೆ ಪಕ್ಕದಿಂದ ಮಾತ್ರ ಚೆನ್ನಾಗಿ ಕಾಣುವುದು.

ಒಂದೇ ಹಕ್ಕಿಯ ಚಿತ್ರ ಬೇಕಾದರೆ ಲೆಕ್ಕ ಬೇರೆ. ಆಗ ಎದುರಾಳಿ ಇರುವ ಕಡೆ ದೂರದಲ್ಲಿ ಕೂರಿ. ಯಾಕೆಂದರೆ ಬೆದರಿಸುವ ಬಣ್ಣ ತಿರುಗುವುದು ಅತ್ತಲೇ. ಯುರೋಪಿನ ರಾಬಿನ್ ಹಕ್ಕಿಗಳ ಮುಂದೆ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಹುಲ್ಲು ತುಂಬಿದ ಸತ್ತ ರಾಬಿನ್ ಇಟ್ಟು ನೋಡಿದ್ದರು. ಹಕ್ಕಿ ಅದನ್ನೂ ಬೆದರಿಸಿತು. ಕೊನೆಗೆ ಬರೀ ಕೆಂಪು ಗರಿಗಳ ಗೊಂಚಲನ್ನೂ ಬಿಡಲಿಲ್ಲ. ಕೆಂಪು ಎದೆ ಅವುಗಳಿಗೆ ಅಷ್ಟು ದೊಡ್ಡ ಸಂಕೇತ. ಆ ಎದೆ ಕಾಣದ ಫೋಟೊದಲ್ಲಿ ಜಗಳದ ಅರ್ಧ ಕಥೆಯೇ ಇಲ್ಲ.

ಬಿಸಿಲು ಮತ್ತು ಗಾಳಿ ಎರಡೂ ಬೆನ್ನಿನ ಕಡೆಯಿಂದ ಬರುವಂತಿದ್ದರೆ ಒಳ್ಳೆಯದು. ಹಕ್ಕಿಗಳು ಗಾಳಿಗೆ ಎದುರಾಗಿ ಹಾರಲು, ಇಳಿಯಲು ಇಷ್ಟಪಡುತ್ತವೆ. ಹಾಗಾಗಿ ಮುಖ ನಿಮ್ಮ ಕಡೆಗಿರುತ್ತದೆ. ಪ್ರಾಣಿಗಳ ವಿಷಯದಲ್ಲಿ ಉಲ್ಟಾ. ಗಾಳಿ ಅವುಗಳ ಕಡೆಯಿಂದ ನಿಮ್ಮತ್ತ ಬೀಸಬೇಕು. ಇಲ್ಲದಿದ್ದರೆ ನಿಮ್ಮ ವಾಸನೆ ಮೊದಲು ತಲುಪುತ್ತದೆ.

ಕ್ಯಾಮೆರಾ ಹೇಗೆ ಹೊಂದಿಸುವುದು?

ಲೆನ್ಸ್ 400ರಿಂದ 600 ಮಿ.ಮೀ. ಇದ್ದರೆ ದೂರ ಕಾಯ್ದುಕೊಳ್ಳಲು ಅನುಕೂಲ. ಹಾಡುವಾಗ, ಮೈ ಉಬ್ಬಿಸಿ ನಿಂತಾಗ ಶಟರ್ ವೇಗ 1/500 ಸೆಕೆಂಡ್ ಸಾಕು. ಅಟ್ಟಾಟ ಶುರುವಾಗುವ ಲಕ್ಷಣವಿದ್ದರೆ 1/2000, ಸಣ್ಣ ಹಕ್ಕಿಗಳಿಗೆ 1/3200. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಅಳತೆ) ಆಟೊದಲ್ಲಿರಲಿ. ಚಿತ್ರದಲ್ಲಿ ಸ್ವಲ್ಪ ಗ್ರೇನ್ (ಕಾಳುಕಾಳು) ಬಂದರೆ ಪರವಾಗಿಲ್ಲ, ಅಲುಗಿದ ಚಿತ್ರ ಮಾತ್ರ ಸರಿಹೋಗುವುದಿಲ್ಲ. ಇಬ್ಬರು ಒಂದೇ ಫ್ರೇಮಿನಲ್ಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8ರ ಹತ್ತಿರ ಇಡಿ. ಆಟೊಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಕಾಜಾಣದಂಥ ಕಪ್ಪು ಹಕ್ಕಿ ಫ್ರೇಮ್ ತುಂಬಿದರೆ ಕ್ಯಾಮೆರಾ ಮೋಸಹೋಗಿ ಅದನ್ನು ಬೂದಿಬಣ್ಣ ಮಾಡುತ್ತದೆ. ಎಕ್ಸ್‌ಪೋಶರ್ (ಚಿತ್ರದ ಬೆಳಕು) ಸ್ವಲ್ಪ ಇಳಿಸಿ. ಫ್ರೇಮ್ ಸಡಿಲವಾಗಿರಲಿ. ರೆಕ್ಕೆ ಬಿಚ್ಚಿದಾಗ ಅದಕ್ಕೆ ಜಾಗ ಬೇಕು.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಕ್ಕಿಗೆ ಹಿತ. ಆದರೆ ಕೆಲವು ಕ್ಯಾಮೆರಾಗಳಲ್ಲಿ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ. ಮೊದಲೇ ಪರೀಕ್ಷಿಸಿ ನೋಡಿ. ಬಟನ್ ಒತ್ತುವ ಮುಂಚಿನ ಕ್ಷಣಗಳನ್ನೂ ಉಳಿಸಿಕೊಳ್ಳುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದು ಸಿಗಲಾರದು.

ಯಾವಾಗ ಒತ್ತಬೇಕು?

ಹಾಡು ತಟ್ಟನೆ ನಿಂತಿತೇ? ತಲೆ ಒಂದೇ ಕಡೆ ತಿರುಗಿತೇ? ಮಡಿವಾಳ ಹಕ್ಕಿ ಕೊಕ್ಕು ಮೇಲೆತ್ತಿ ಬಾಲ ಬಿಚ್ಚಿತೇ? ತಯಾರಾಗಿ. ಬರ್ಸ್ಟ್ (ಒಂದರ ಹಿಂದೆ ಒಂದು ಸರಸರನೆ ತೆಗೆಯುವ ಫೋಟೊಗಳು) ಅನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಬಿಡಿ, ಮೆಮೊರಿ ತುಂಬಿ ಕ್ಯಾಮೆರಾ ನಿಂತುಬಿಡಬಾರದು.

ಎರಡೂ ಹಾರಿ ಮರೆಯಾದರೆ ಹಿಂದೆ ಓಡಬೇಡಿ. ಲೆನ್ಸನ್ನು ಆ ಜಾಗದ ಯಜಮಾನ ಹಕ್ಕಿಯ ಕೊಂಬೆಗೇ ಗುರಿಯಿಟ್ಟು ಕಾಯಿರಿ. ಕಾಡಿನ ನೆಲದ ಬಿಸಿಲ ತುಣುಕಿಗಾಗಿ ಕಾದಾಡುವ ಚಿಟ್ಟೆಗಳನ್ನು ವಿಜ್ಞಾನಿ ನಿಕ್ ಡೇವಿಸ್ ಇಂಗ್ಲೆಂಡಿನಲ್ಲಿ ಗಮನಿಸಿ 1978ರಲ್ಲಿ ಬರೆದರು. ಸುರುಳಿ ಸುತ್ತುತ್ತಾ ಎರಡೂ ಮೇಲೇರುತ್ತವೆ, ಮೊದಲಿಂದ ಅಲ್ಲಿದ್ದದ್ದೇ ಗೆದ್ದು ಕೆಳಗಿಳಿಯುತ್ತದೆ. ಎಲ್ಲ ಜೀವಿಗಳಲ್ಲೂ ಹೀಗೇ ಅಂತಿಲ್ಲ. ಆದರೂ ಯಜಮಾನ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಗೆದ್ದು ಬಂದು ಕೂತು, ಗರಿ ಕೊಡವಿ, ಮತ್ತೆ ಹಾಡುವ ಆ ಚಿತ್ರ ನನ್ನ ಮಟ್ಟಿಗೆ ಜಗಳದ ಚಿತ್ರಕ್ಕಿಂತ ಒಂದು ತೂಕ ಹೆಚ್ಚು.

ಇವನ್ನು ಮಾಡಲೇಬೇಡಿ

ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಎಷ್ಟೋ ಜನರಿಗೆ ಅಭ್ಯಾಸವಾಗಿಬಿಟ್ಟಿದೆ. ಹಕ್ಕಿ ಬರುತ್ತದೆ, ನಿಜ. ಇಲ್ಲದ ಶತ್ರುವನ್ನು ಹುಡುಕಿಕೊಂಡು ಬರುತ್ತದೆ. ಎಷ್ಟು ಹುಡುಕಿದರೂ ಆ ಶತ್ರು ಸಿಗುವುದಿಲ್ಲ, ಹೋಗುವುದೂ ಇಲ್ಲ. ಅಷ್ಟು ಹೊತ್ತು ಅದು ತಿನ್ನುವುದನ್ನು, ಮರಿಗೆ ಉಣಿಸುವುದನ್ನು ಬಿಟ್ಟಿರುತ್ತದೆ. ಕನ್ನಡಿ ಇಡುವುದೂ ಇದೇ ಬಗೆಯ ಅನ್ಯಾಯ. ಗೂಡಿನ ಹತ್ತಿರ ಹೋಗಿ ಹಕ್ಕಿಯನ್ನು ಸಿಟ್ಟಿಗೆಬ್ಬಿಸುವುದಂತೂ ಬೇಡವೇ ಬೇಡ.

ದೊಡ್ಡ ಪ್ರಾಣಿಗಳ ಮುಂದೆ ನಿಮ್ಮ ಜೀವದ ಪ್ರಶ್ನೆಯೂ ಇದೆ. ಗಂಡು ನೀರಾನೆ ಕಾಯುವುದು ನದಿಯ ಒಂದು ತುಂಡನ್ನು. ಅದು ಬಾಯಿ ಅಗಲಿಸಿದರೆ ಆಕಳಿಕೆ ಅಂದುಕೊಳ್ಳಬೇಡಿ, ಬೆದರಿಕೆಯಾಗಿರಬಹುದು. ಅದಕ್ಕೂ ನೀರಿಗೂ ನಡುವೆ ಯಾವತ್ತೂ ನಿಲ್ಲಬಾರದು. ವಾಹನದಲ್ಲಿದ್ದರೆ ಇಳಿಯಬಾರದು.

ಮನೆಗೆ ಬಂದ ಮೇಲೆ ಫೋಟೊಗಳನ್ನು ಹಂಚಿಕೊಳ್ಳುವ ಮುಂಚೆ ಫೈಲಿನಲ್ಲಿರುವ ಜಿಪಿಎಸ್ ಮಾಹಿತಿ ಅಳಿಸಿ. ಹಾಡುವ ಕೊಂಬೆಯ ವಿಳಾಸ ಗೊತ್ತಾದರೆ ನಾಳೆ ಅಲ್ಲಿ ಹತ್ತು ಕ್ಯಾಮೆರಾ ಸೇರುತ್ತವೆ. ಅಡಿಬರಹದಲ್ಲಿ ಹಕ್ಕಿ ಯಾರನ್ನು ಓಡಿಸುತ್ತಿತ್ತು, ಏನನ್ನು ಕಾಯುತ್ತಿತ್ತು ಎಂದು ಎರಡು ಸಾಲು ಬರೆಯಿರಿ. ನಿಮ್ಮ ಪೆನ್ಸಿಲ್ ನಕ್ಷೆಯ ಮೇಲೆ ತಾರೀಖು ಹಾಕಿ ಎತ್ತಿಡಿ. ಮುಂದಿನ ಋತುವಿನಲ್ಲಿ ಅದೇ ಜಾಗಕ್ಕೆ ಹೋದಾಗ ಗಡಿ ಎಷ್ಟು ಸರಿದಿದೆ ಅಂತ ಅದರಿಂದಲೇ ತಿಳಿಯುವುದು.