ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಮನೆಯಲ್ಲೇ ಡಿಜಿಟಲ್‌ಗೆ ಇಳಿಸಿಕೊಳ್ಳುವುದು ಹೇಗೆ?

ವಿಎಚ್‌ಎಸ್ ಕ್ಯಾಸೆಟ್ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಅದನ್ನು ಓಡಿಸುವ ವಿಸಿಆರ್‌ಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಟೇಪು ಸುಸ್ಥಿತಿಯಲ್ಲಿದ್ದರೂ ಅದನ್ನು ಓದಬಲ್ಲ ಯಂತ್ರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವುದು ಜಾಣತನವಲ್ಲ. ಅವಸರವೂ ಸಲ್ಲದು, ಈಗ ಓಡಿಸುವುದೇ ಆ ಟೇಪಿನ ಕೊನೆಯ ಓಟ ಆಗಬಹುದು ಎಂಬ ಎಚ್ಚರದಿಂದಲೇ ಪ್ರತಿ ಹಂತವನ್ನೂ ಯೋಜಿಸಿಕೊಳ್ಳಬೇಕು.

ಮೊದಲು ಕ್ಯಾಸೆಟ್‌ಗಳ ಪರಿಶೀಲನೆ. ಕಿಟಕಿಯಂತಿರುವ ಪಾರದರ್ಶಕ ಭಾಗದ ಮೂಲಕ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಾಣುವುದು ಬಹುಪಾಲು ಬೂಷ್ಟೇ ಆಗಿರುತ್ತದೆ. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬಾರದು. ಹಾಕಿದರೆ ಬೂಷ್ಟು ಯಂತ್ರಕ್ಕೆ ಅಂಟಿಕೊಂಡು ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಬೇರೆಯಾಗಿಟ್ಟು ಅನುಭವಿಗಳ ಕೈಗೆ ಕೊಡುವುದು ಲೇಸು. ಉಳಿದವುಗಳ ಹಿಂಬದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಟ್ಟರೆ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ದೃಶ್ಯ ಅಳಿಸಿಹೋಗುವುದಿಲ್ಲ.

ಫಲಿತಾಂಶವನ್ನು ನಿರ್ಧರಿಸುವುದು ಕಂಪ್ಯೂಟರಿಗಿಂತ ಹೆಚ್ಚಾಗಿ ವಿಸಿಆರ್. ಆದ್ದರಿಂದ ಖರ್ಚು ಮಾಡುವುದಿದ್ದರೆ ಅದಕ್ಕೇ ಮಾಡಿ. ಎಸ್-ವಿಡಿಯೊ ಕಿಂಡಿಯಿರುವ ಎಸ್-ವಿಎಚ್‌ಎಸ್ ಯಂತ್ರ ಸಿಕ್ಕರೆ ಉತ್ತಮ, ಏಕೆಂದರೆ ಅದರಲ್ಲಿ ಬೆಳಕಿನ ಸಂಕೇತವೂ ಬಣ್ಣದ ಸಂಕೇತವೂ ಬೇರೆ ಬೇರೆ ತಂತಿಗಳಲ್ಲಿ ಸಾಗುವುದರಿಂದ ಚಿತ್ರ ಕಲಸಿಹೋಗುವುದಿಲ್ಲ. ಇಲ್ಲವಾದರೆ ಹಳದಿ ತುದಿಯ ಮಾಮೂಲಿ ಕೇಬಲ್ಲೇ ಸಾಕು. ಬಹುಕಾಲ ಮೂಲೆಯಲ್ಲಿದ್ದ ಯಂತ್ರದ ಹೆಡ್ಡನ್ನು, ಅಂದರೆ ಟೇಪಿನಿಂದ ಸಂಕೇತವನ್ನು ಓದುವ ಸೂಕ್ಷ್ಮ ಭಾಗವನ್ನು, ಒರೆಸುವಾಗ ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ಮೃದು ಚರ್ಮದ ತುಂಡನ್ನು ಡ್ರಮ್ಮಿಗೆ (ಹೆಡ್ ಕೂತಿರುವ, ತಿರುಗುವ ಉರುಳೆಗೆ) ಮೆಲ್ಲನೆ ತಾಗಿಸಿ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಬಳಸಿದರೆ ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲವೂ ಒಣಗಿದ ಮೇಲೆ, ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ಟನ್ನು ಮೊದಲು ಓಡಿಸಿ ನೋಡಿ.

ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ, ಟೇಪಿನ ಸಂಕೇತವನ್ನು ಡಿಜಿಟಲ್‌ಗೆ ಬದಲಿಸುವ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಬೇಕು. ಹಳೆಯ ಟೇಪಿನ ಸಂಕೇತ ಅಲುಗಾಡುವುದರಿಂದ ಕಾರ್ಡ್ ಕೆಲವು ಫ್ರೇಮ್‌ಗಳನ್ನು ಕೈಬಿಡುತ್ತದೆ, ಆಗ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಇದನ್ನು ತಡೆಯಲೆಂದೇ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನವಿದೆ. ಅದು ದುಬಾರಿ ಎನಿಸುವವರು ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ನಡುವೆ ಜೋಡಿಸಿ ನೋಡಬಹುದು; ಕೆಲವು ಮಾದರಿಗಳು ಸಂಕೇತವನ್ನು ಸಾಕಷ್ಟು ನೆಟ್ಟಗೆ ಮಾಡಿಕೊಡುತ್ತವೆ. ಮಿನಿ ಡಿವಿ ಕ್ಯಾಸೆಟ್ಟಿನವರಿಗೆ ಈ ತೊಡಕೇ ಇಲ್ಲ. ಅದರಲ್ಲಿರುವುದು ಡಿಜಿಟಲ್ ದತ್ತಾಂಶವೇ ಆದ್ದರಿಂದ ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ ಮೂಲಕ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದ ಹಾಗೆ ನಕಲಾಗುತ್ತದೆ.

ದಾಖಲಿಸಲು ವರ್ಚುವಲ್‌ಡಬ್‌ನಂತಹ ಉಚಿತ ತಂತ್ರಾಂಶ ಸಾಕು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟೇಪಿಗೆ 720×576 ಅಳತೆ ಮತ್ತು ಸೆಕೆಂಡಿಗೆ 25 ಫ್ರೇಮ್, ಅಮೆರಿಕ, ಜಪಾನ್ ಮುಂತಾದೆಡೆಯ ಎನ್‌ಟಿಎಸ್‌ಸಿ ಪದ್ಧತಿಯ ಟೇಪಿಗೆ 720×480 ಮತ್ತು 29.97 ಫ್ರೇಮ್ ಎಂದು ಹೊಂದಿಸಿ. ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತಂದು, ಪರದೆಯ ಗೆರೆಗಳು ಕಡಿಮೆಯಾಗುವವರೆಗೆ ವಿಸಿಆರ್‌ನ ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಜಾಡಿಗೆ ಹೊಂದಿಸುವ ವ್ಯವಸ್ಥೆ) ಸರಿಪಡಿಸಿ, ಆಮೇಲೆ ಇಡೀ ಕ್ಯಾಸೆಟ್ಟನ್ನು ಒಂದೇ ಓಟದಲ್ಲಿ ದಾಖಲಿಸಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿಯಿಲ್ಲ.

ಅನೇಕರು ನೇರವಾಗಿ ಎಂಪಿ4 ರೂಪದಲ್ಲಿ ಉಳಿಸಿಬಿಡುತ್ತಾರೆ. ನೋಡಲು, ಹಂಚಲು ಅದು ಅನುಕೂಲವೇ ಹೊರತು ಮೂಲಪ್ರತಿಗೆ ತಕ್ಕುದಲ್ಲ, ಏಕೆಂದರೆ ಒಮ್ಮೆ ಹಿಂಡಿ ಚಿಕ್ಕದು ಮಾಡಿದ ಚಿತ್ರದಿಂದ ಕಳೆದುಹೋದ ವಿವರ ಮರಳುವುದಿಲ್ಲ. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಎಂಬ ಸಂಕೋಚನ ವಿಧಾನ ಬಳಸಿದರೆ ಏನೂ ನಷ್ಟವಾಗದೆ ಗಂಟೆಗೆ ಸುಮಾರು 30 ಜಿಬಿಯ ಕಡತ ಸಿಗುತ್ತದೆ. ಗಾತ್ರ ಹೆಚ್ಚೆನಿಸಬಹುದು, ಆದರೆ ಹಾರ್ಡ್ ಡಿಸ್ಕ್ ಮತ್ತೆ ಕೊಳ್ಳಬಹುದು, ಟೇಪನ್ನಲ್ಲ. ಬಣ್ಣ ತಿದ್ದುವುದು, ಅಂಚು ಕತ್ತರಿಸುವುದು, ಅರೆಗೆರೆಗಳನ್ನು ಕೂಡಿಸುವ ಡಿಇಂಟರ್‌ಲೇಸಿಂಗ್ ಮುಂತಾದ ಕೆಲಸಗಳೆಲ್ಲ ನಕಲಿನ ಮೇಲೆ ಮಾತ್ರ ನಡೆಯಬೇಕು.

ಕಡತದ ಹೆಸರು ವರ್ಷ, ತಿಂಗಳು, ದಿನಾಂಕದ ಕ್ರಮದಲ್ಲಿ ಶುರುವಾದರೆ ಪಟ್ಟಿ ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಕ್ಯಾಸೆಟ್ಟಿನ ಮೇಲೆ ಬರೆದಿರುವುದನ್ನೂ ದೃಶ್ಯದಲ್ಲಿರುವವರ ಹೆಸರುಗಳನ್ನೂ ಜೊತೆಯ ಪಠ್ಯ ಕಡತದಲ್ಲಿ ಬರೆದಿಡಿ; ಮುಖ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದಾಗಲೇ ಇದನ್ನು ಮಾಡಿಸಿಕೊಳ್ಳಬೇಕು. ಒಟ್ಟು ಮೂರು ಪ್ರತಿಗಳಿರಲಿ: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದಾದರೂ ಮನೆಯಿಂದ ಹೊರಗೆ. ಪ್ರತಿ ಕಡತದ ಚೆಕ್‌ಸಮ್ (ಕಡತದ ಒಳಗಿರುವುದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆ ಹೋಲಿಸಿದರೆ, ಕಡತ ಸದ್ದಿಲ್ಲದೆ ಕೆಟ್ಟಿದ್ದರೂ ತಿಳಿಯುತ್ತದೆ.

ಇಷ್ಟಾದ ಮೇಲೂ ಕ್ಯಾಸೆಟ್‌ಗಳನ್ನು ಎಸೆಯಬೇಡಿ. ಹೆಡ್ಡಿನಿಂದ ಬರುವ ಸಂಕೇತವನ್ನೇ ನೇರವಾಗಿ ದಾಖಲಿಸಿ ಕಂಪ್ಯೂಟರಿನಲ್ಲಿ ಚಿತ್ರವಾಗಿ ಬಿಡಿಸುವ ವಿಎಚ್‌ಎಸ್-ಡಿಕೋಡ್‌ನಂತಹ ತಂತ್ರಾಂಶಗಳು ಈಗಾಗಲೇ ಬಂದಿದ್ದು, ಅದೇ ಟೇಪಿನಿಂದ ಇನ್ನೂ ಉತ್ತಮ ಪ್ರತಿ ತೆಗೆಯುವ ಅವಕಾಶ ಉಳಿದಿರುತ್ತದೆ. ಟೇಪನ್ನು ಪೂರ್ತಿ ಸುತ್ತಿ, ಪೆಟ್ಟಿಗೆಯಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತೇವ, ಬಿಸಿಲು ಮತ್ತು ಸ್ಪೀಕರಿನ ಅಯಸ್ಕಾಂತದಿಂದ ದೂರವಿಡಿ.